ಸಾನ್ ಯಾವಾಗ ಸೇರಿಸಬೇಕು, ಯಾವಾಗ ಬಿಡಬೇಕು? ಜಪಾನಿನ ಮರ್ಯಾದೆಯ ಮಾತು

ನೀವು ಟೋಕಿಯೋದ ಒಂದು ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ ಎಂದುಕೊಳ್ಳಿ. ಫೋನ್ ಬರುತ್ತದೆ. ಬೇರೆ ಕಂಪನಿಯವರು, ತನಾಕಾ ಅವರನ್ನು ಕೇಳುತ್ತಿದ್ದಾರೆ. ತನಾಕಾ ನಿಮ್ಮ ವಿಭಾಗದ ಮುಖ್ಯಸ್ಥರು, ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರು. ಈಗ ಸೀಟಿನಲ್ಲಿ ಇಲ್ಲ. ನೀವು ಏನು ಹೇಳುತ್ತೀರಿ?

ಕನ್ನಡದವರಿಗೆ ಇದು ಪ್ರಶ್ನೆಯೇ ಅಲ್ಲ. 'ಸಾರ್ ಹೊರಗೆ ಹೋಗಿದ್ದಾರೆ' ಅನ್ನುತ್ತೇವೆ. ಜಪಾನಿನಲ್ಲಿ ಹಾಗೆ ಹೇಳಿದರೆ ತಪ್ಪು. ಅಲ್ಲಿ ಹೇಳಬೇಕಾದ್ದು, 'ತನಾಕಾ ಹೊರಗೆ ಹೋಗಿದ್ದಾನೆ' ಎಂಬ ಧಾಟಿಯ ಮಾತು. ಬರೀ ಹೆಸರು. ಹಿಂದೆ ಗೌರವದ ಪದ ಇಲ್ಲ, ಕ್ರಿಯಾಪದದಲ್ಲೂ ತನಾಕಾ ಅವರಿಗೆ ಮರ್ಯಾದೆ ಇಲ್ಲ. ಹಾಗೆ ಹೇಳಿದರೇ ಅದು ಸಭ್ಯತೆ. ಪಕ್ಕದಲ್ಲೇ ನಿಂತು ಕೇಳಿಸಿಕೊಂಡರೂ ತನಾಕಾ ಅವರಿಗೆ ಬೇಸರವಾಗುವುದಿಲ್ಲ. ಹುಡುಗ ಕೆಲಸ ಕಲಿತಿದ್ದಾನೆ ಎಂದುಕೊಳ್ಳುತ್ತಾರೆ.

ಇದು ಯಾಕೆ ಹೀಗೆ ಎಂದು ತಿಳಿದರೆ ಜಪಾನಿನ ಮಾತುಕತೆಯ ಅರ್ಧ ಗುಟ್ಟು ತಿಳಿದಂತೆ. ಈಗ ಅದನ್ನು ತಿಳಿಯುವ ಅಗತ್ಯವೂ ಹೆಚ್ಚಿದೆ. 2025ರ ಆಗಸ್ಟಿನಲ್ಲಿ ಭಾರತ ಮತ್ತು ಜಪಾನ್ ಒಂದು ಯೋಜನೆ ಪ್ರಕಟಿಸಿದವು. ಐದು ವರ್ಷಗಳಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನ ಓಡಾಡಬೇಕು, ಅವರಲ್ಲಿ 50,000 ಮಂದಿ ಭಾರತದಿಂದ ಜಪಾನಿಗೆ ಹೋಗುವ ಕುಶಲ ಕೆಲಸಗಾರರು ಇರಬೇಕು ಎಂಬುದು ಗುರಿ. ನಮ್ಮಲ್ಲೇ ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾ ಕಾರ್ಖಾನೆಗಳಿವೆ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ನೋಡುವ ಮಕ್ಕಳ ಬಾಯಲ್ಲಂತೂ ಸೆಂಪಾಯ್, ಸೆನ್ಸೇ ಎಲ್ಲ ದಿನನಿತ್ಯದ ಪದಗಳು. ಬುಡದಿಂದಲೇ ಶುರು ಮಾಡೋಣ.

ಹೆಸರಿನ ಹಿಂದೆ ಬರುವ ಬಾಲ

ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹೊರಗಿನವರು ಒಬ್ಬರನ್ನೊಬ್ಬರು ಕರೆಯುವುದು ಮನೆತನದ ಹೆಸರಿನಿಂದ. ಆ ಹೆಸರಿಗೆ ಒಂದು ಪದ ಅಂಟಿಸುತ್ತಾರೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು 'ಸಾನ್'. ನಮ್ಮ 'ಅವರು' ಇದ್ದ ಹಾಗೆ. ಗಂಡು, ಹೆಣ್ಣು, ಮದುವೆ ಆದವರು, ಆಗದವರು ಎಂಬ ಭೇದ ಇಲ್ಲ. ಹೊಸಬರಿಗೆ ಯಾವುದು ಹೇಳಬೇಕೋ ಗೊತ್ತಾಗದಿದ್ದರೆ ಸಾನ್ ಹೇಳಿದರೆ ನಡೆಯುತ್ತದೆ. ಮನುಷ್ಯರಿಗೆ ಮಾತ್ರ ಅಂತಲೂ ಅಲ್ಲ. ಪುಸ್ತಕದಂಗಡಿಗೆ, ಬ್ರೆಡ್ ಅಂಗಡಿಗೆ ಸಾನ್ ಸೇರಿಸುತ್ತಾರೆ. ವ್ಯವಹಾರದ ಮಾತಿನಲ್ಲಿ ಬೇರೆ ಕಂಪನಿಯ ಹೆಸರಿಗೂ ಸೇರಿಸುತ್ತಾರೆ. ಮಕ್ಕಳು ಆನೆಗೆ 'ಜೋ-ಸಾನ್' ಅನ್ನುತ್ತಾರೆ. ಜೋ ಎಂದರೆ ಆನೆ.

ಸಾನ್ ಹುಟ್ಟಿದ್ದು 'ಸಾಮಾ' ಎಂಬ ಪದ ಸವೆದು. ಸಾಮಾ ಇನ್ನೂ ಬಳಕೆಯಲ್ಲಿದೆ, ಆದರೆ ಅದು ತುಂಬಾ ಮೇಲಿನದು. ದೇವರು 'ಕಾಮಿ-ಸಾಮಾ'. ಗಿರಾಕಿ 'ಒಕ್ಯಾಕು-ಸಾಮಾ'. ಕಾಗದದ ಮೇಲೆ ವಿಳಾಸ ಬರೆಯುವಾಗಲೂ ಸಾಮಾ. ಮಕ್ಕಳ ಮಾತಿನಲ್ಲಿ ಚಂದಿರನೂ ಸಾಮಾ, 'ಒತ್ಸುಕಿ-ಸಾಮಾ'. ನಮ್ಮ ಮಕ್ಕಳು ಚಂದಿರನನ್ನು ಮಾಮ ಮಾಡಿಕೊಂಡರು, ಅಲ್ಲಿಯ ಮಕ್ಕಳು ಸಾಮಾ ಮಾಡಿಕೊಂಡರು.

'ಚಾನ್' ಎಂಬುದು ಮಕ್ಕಳ ಬಾಯಲ್ಲಿ ಮೆತ್ತಗಾದ ಸಾನ್. ಪುಟ್ಟ ಮಕ್ಕಳಿಗೆ, ಆಪ್ತ ಗೆಳತಿಯರಿಗೆ, ಅಜ್ಜಿಗೆ, ಸಾಕಿದ ಬೆಕ್ಕಿಗೆ ಚಾನ್. ನಮ್ಮ 'ಪುಟ್ಟಿ' ಎಂಬ ಕರೆಯಲ್ಲಿ ಇರುವ ಸಲುಗೆ ಅದರಲ್ಲಿದೆ.

'ಕುನ್' ಸ್ವಲ್ಪ ತೊಡಕಿನದು. ಹುಡುಗರಿಗೆ, ಕೆಲಸದಲ್ಲಿ ಕಿರಿಯರಿಗೆ ಬಳಸುವ ಪದ. ಮೇಲಿನವರು ಕೆಳಗಿನವರಿಗೆ ಹೇಳುವುದು. ಕೆಳಗಿನವರು ಮೇಲಿನವರಿಗೆ ಹೇಳಿದರೆ ಅವಮಾನ. ಆದರೆ ಇದನ್ನು ಬರೆಯುವ ಅಕ್ಷರಕ್ಕೆ 'ಒಡೆಯ' ಎಂಬ ಅರ್ಥವಿದೆ! ಆ ಹಳೆಯ ಘನತೆ ಒಂದು ಕಡೆ ಇನ್ನೂ ಉಳಿದಿದೆ. ಜಪಾನಿನ ಸಂಸತ್ತಿನಲ್ಲಿ ಸಭಾಧ್ಯಕ್ಷರು ಸದಸ್ಯರನ್ನು ಕರೆಯುವುದು ಕುನ್ ಎಂದೇ. ಪ್ರಧಾನಿಯೂ ಕುನ್, ಮಹಿಳಾ ಸದಸ್ಯರೂ ಕುನ್. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾದ ತಕಾಕೊ ದೋಯಿ ಈ ರೂಢಿ ಬಿಟ್ಟು ಎಲ್ಲರಿಗೂ ಸಾನ್ ಹೇಳಿದರು. ಅವರ ನಂತರ ಬಂದವರು ಮತ್ತೆ ಕುನ್‌ಗೆ ಮರಳಿದರು.

ಯಾವುದೂ ಸೇರಿಸದೆ ಬರೀ ಹೆಸರು ಕರೆದರೆ? ಅದಕ್ಕೂ ಒಂದು ಪದವಿದೆ, 'ಯೊಬಿಸುತೆ'. ಕರೆದು ಬಿಸಾಡುವುದು ಎಂಬಂಥ ಅರ್ಥ. ತುಂಬಾ ಹತ್ತಿರದವರ ನಡುವೆ ಅದು ಪ್ರೀತಿ, ಉಳಿದವರ ನಡುವೆ ಒರಟುತನ. ಬರೀ ಹೆಸರು ಎಷ್ಟು ಭಾರ ಅನ್ನಿಸುತ್ತದೆ ಎಂಬುದಕ್ಕೆ ಸುದ್ದಿಮನೆಗಳೇ ಸಾಕ್ಷಿ. ಅಪರಾಧದ ಆರೋಪದ ಮೇಲೆ ಬಂಧನವಾದವರ ಹೆಸರನ್ನೂ ಅಲ್ಲಿನ ಪತ್ರಿಕೆಗಳು ಬೋಳಾಗಿ ಬಿಡುವುದಿಲ್ಲ. ಹೆಸರಿನ ಹಿಂದೆ 'ಯೋಗಿಶಾ' ಅಂದರೆ 'ಶಂಕಿತ' ಎಂದು ಸೇರಿಸುತ್ತವೆ.

ಇನ್ನೊಂದು ಗಟ್ಟಿ ನಿಯಮ. ತನ್ನ ಹೆಸರಿಗೆ ತಾನೇ ಸಾನ್ ಸೇರಿಸಿಕೊಳ್ಳಬಾರದು. ನಾವು 'ನಾನು ರಮೇಶ್ ಅವರು ಮಾತಾಡ್ತಿರೋದು' ಅನ್ನುವುದಿಲ್ಲ, ಅಲ್ವಾ? ಅದೇ ಲೆಕ್ಕ.

'ನೀವು' ಇಲ್ಲದ ಮಾತು

ಕನ್ನಡದಲ್ಲಿ 'ನೀವು' ಇದ್ದರೆ ದೊಡ್ಡವರ ಜೊತೆ ಧೈರ್ಯವಾಗಿ ಮಾತಾಡಬಹುದು. ಜಪಾನಿ ಕಲಿಯುವವರು ಮೊದಲ ವಾರದಲ್ಲೇ 'ಅನಾತಾ' ಎಂಬ ಪದ ಕಲಿಯುತ್ತಾರೆ. 'ನೀವು' ಎಂದು ಪಾಠದಲ್ಲಿ ಬರೆದಿರುತ್ತದೆ. ಅದನ್ನು ಮೇಲಧಿಕಾರಿಯ ಮುಂದೆ ಬಳಸಿದರೆ ಮುಖ ಸಪ್ಪೆಯಾಗುತ್ತದೆ. ಅನಾತಾ ಎಂಬುದರ ಮೂಲ ಅರ್ಥ 'ಆ ಕಡೆ'. ಎದುರಿನವರನ್ನು ನೇರವಾಗಿ ತೋರಿಸದೆ ದಿಕ್ಕು ಹೇಳಿ ಸುಮ್ಮನಾಗುವ ಪದ ಅದು. ಕಾಲ ಕಳೆದಂತೆ ಅದರ ಗೌರವವೂ ಸವೆಯಿತು. ಹೆಂಡತಿ ಗಂಡನನ್ನು ಅನಾತಾ ಎಂದು ಕರೆಯುವ ರೂಢಿಯೂ ಇದೆ. ನಮ್ಮ ಮನೆಗಳ 'ರೀ' ನೆನಪಾಗುತ್ತದೆ.

ಹಾಗಾದರೆ ಎದುರಿನವರಿಗೆ ಏನನ್ನಬೇಕು? ಹೆಸರನ್ನೇ ಹೇಳಬೇಕು. ತನಾಕಾ ಅವರ ಎದುರೇ ನಿಂತು 'ತನಾಕಾ-ಸಾನ್ ಊಟ ಆಯ್ತಾ?' ಎಂದು ಕೇಳಬೇಕು. ಇಲ್ಲವೇ ಹುದ್ದೆ ಹೇಳಬೇಕು. ಕಂಪನಿಯ ಅಧ್ಯಕ್ಷರು 'ಶಾಚೋ', ವಿಭಾಗದ ಮುಖ್ಯಸ್ಥರು 'ಬುಚೋ', ಅವರ ಕೆಳಗಿನವರು 'ಕಾಚೋ'. ಹುದ್ದೆಯಲ್ಲೇ ಮರ್ಯಾದೆ ಇರುವುದರಿಂದ ಅದಕ್ಕೆ ಮತ್ತೆ ಸಾನ್ ಬೇಕಿಲ್ಲ.

'ಸೆನ್ಸೇ' ಕೂಡ ಹೀಗೆಯೇ. ಅಕ್ಷರಕ್ಕೆ ಅಕ್ಷರ ಬಿಡಿಸಿದರೆ 'ಮೊದಲು ಹುಟ್ಟಿದವರು'. ಶಿಕ್ಷಕರಿಗೆ ಮಾತ್ರ ಅಲ್ಲ, ಡಾಕ್ಟರ್, ವಕೀಲರು, ಲೇಖಕರು, ಮಂಗಾ ಎಂಬ ಚಿತ್ರಕಥೆ ಬರೆಯುವವರು, ರಾಜಕಾರಣಿಗಳು ಎಲ್ಲರಿಗೂ ಸಲ್ಲುತ್ತದೆ. ನಮ್ಮಲ್ಲಿ ಡಾಕ್ಟರಿಗೂ ಮಾಸ್ತರಿಗೂ 'ಸರ್' ಅಂದ ಹಾಗೆ. ಆದರೆ ಸೆನ್ಸೇ ಹೊರಗಿನವರಿಗೆ ತನ್ನ ಕೆಲಸ ಹೇಳಿಕೊಳ್ಳುವಾಗ ಸೆನ್ಸೇ ಅನ್ನುವುದಿಲ್ಲ. ಕೆಲಸ ಕೇಳಿದರೆ 'ಕ್ಯೋಶಿ', ಅಂದರೆ ಶಿಕ್ಷಕ, ಎಂದಷ್ಟೇ ಹೇಳುತ್ತಾರೆ.

ಅಣ್ಣ, ತಮ್ಮ ಮತ್ತು ಕನ್ನಡದವರ ಅನುಕೂಲ

ಒಂದು ವಿಷಯದಲ್ಲಿ ಕನ್ನಡದವರು ಅದೃಷ್ಟವಂತರು. ಇಂಗ್ಲಿಷಿನಲ್ಲಿ ಅಣ್ಣನೂ ತಮ್ಮನೂ ಒಂದೇ ಪದ. ಜಪಾನಿಯಲ್ಲಿ ನಮ್ಮ ಹಾಗೆ ನಾಲ್ಕು ಪದ. ಅಣ್ಣ 'ಆನಿ', ಅಕ್ಕ 'ಆನೆ', ತಮ್ಮ 'ಒತೋತೊ', ತಂಗಿ 'ಇಮೋತೊ'. ಮನೆಯಲ್ಲಿ ಕಿರಿಯರು ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಿರಿಯರು ಕಿರಿಯರನ್ನು ಹೆಸರಿನಿಂದಲೇ ಕರೆಯುತ್ತಾರೆ. ಮಗು ಹುಟ್ಟಿದ ಮೇಲೆ ಹೆಂಡತಿ ಗಂಡನನ್ನೇ 'ಒತೋಸಾನ್' ಅಂದರೆ 'ಅಪ್ಪ' ಎಂದು ಕರೆಯುವುದುಂಟು. ಮಗುವಿನ ಕಣ್ಣಿನಿಂದ ಇಡೀ ಮನೆಗೆ ಹೆಸರು. ಹಳ್ಳಿ ಕಡೆ ಗಂಡನ ಹೆಸರು ಹೇಳದೆ 'ನಮ್ಮ ಹುಡುಗನ ಅಪ್ಪ' ಅನ್ನುವವರಿಗೆ ಇದು ಹೊಸದಲ್ಲ.

ಆದರೆ ಇಲ್ಲೇ ಒಂದು ತಿರುವು ಬರುತ್ತದೆ. ನನ್ನ ಅಪ್ಪನನ್ನು ನಾನು ಮನೆಯಲ್ಲಿ ಕರೆಯುವಾಗ 'ಒತೋಸಾನ್'. ಹೊರಗಿನವರ ಮುಂದೆ ನನ್ನ ಅಪ್ಪನ ಬಗ್ಗೆ ಹೇಳುವಾಗ 'ಚಿಚಿ'. ಅದರಲ್ಲಿ ಸಾನ್ ಇಲ್ಲ. ನಿಮ್ಮ ಅಪ್ಪನ ಬಗ್ಗೆ ಕೇಳುವಾಗ ಮತ್ತೆ 'ಒತೋಸಾನ್'. ಅಮ್ಮನಿಗೂ ಹಾಗೇ. ನನ್ನ ಅಮ್ಮ 'ಹಾಹಾ', ನಿಮ್ಮ ಅಮ್ಮ 'ಒಕಾಸಾನ್'.

ಒಳಗೆ, ಹೊರಗೆ

ಈಗ ಮೊದಲಿನ ಫೋನಿಗೆ ಬರೋಣ. ಜಪಾನಿಯಲ್ಲಿ ಎರಡು ಪದಗಳಿವೆ. 'ಉಚಿ' ಎಂದರೆ ಒಳಗೆ, ನಮ್ಮ ಕಡೆ. 'ಸೊತೊ' ಎಂದರೆ ಹೊರಗೆ, ಅವರ ಕಡೆ. ಮಾತಾಡುವ ಪ್ರತಿ ಸಲವೂ ಒಂದು ಗೆರೆ ಬೀಳುತ್ತದೆ. ನನ್ನ ಜೊತೆ ಗೆರೆಯ ಈ ಕಡೆ ಯಾರಿದ್ದಾರೆ, ಆ ಕಡೆ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ಆ ಕಡೆಯವರನ್ನು ಎತ್ತಬೇಕು, ಈ ಕಡೆಯವರನ್ನು ತಗ್ಗಿಸಬೇಕು.

ಆಫೀಸಿನ ಒಳಗೆ ನೀವು ಮತ್ತು ತನಾಕಾ ಅವರೇ ಮಾತಾಡುವಾಗ ಗೆರೆ ನಿಮ್ಮಿಬ್ಬರ ನಡುವೆ ಇರುತ್ತದೆ. ಅವರು 'ತನಾಕಾ-ಬುಚೋ'. ಹೊರಗಿನ ಕಂಪನಿಯಿಂದ ಫೋನ್ ಬಂದ ಕ್ಷಣ ಗೆರೆ ಜರುಗುತ್ತದೆ. ಈಗ ಇಡೀ ನಿಮ್ಮ ಕಂಪನಿ ಒಂದು ಮನೆ. ತನಾಕಾ ಅವರು ನಿಮ್ಮ ಮನೆಯವರು. ಮನೆಯವರನ್ನು ಹೊರಗಿನವರ ಮುಂದೆ ಹೊಗಳಿಕೊಂಡರೆ ನಮ್ಮನ್ನು ನಾವೇ ಹೊಗಳಿಕೊಂಡ ಹಾಗೆ. ಆದ್ದರಿಂದ ಬರೀ 'ತನಾಕಾ'.

ಅದೇ ಫೋನ್ ತನಾಕಾ ಅವರ ಹೆಂಡತಿಯಿಂದ ಬಂದರೆ? ಗೆರೆ ಮತ್ತೆ ಜರುಗುತ್ತದೆ. ಅವರ ಹೆಂಡತಿ ನಿಮಗಿಂತ ಅವರಿಗೆ ಹತ್ತಿರ. ತನಾಕಾ ಈಗ ಆ ಕಡೆಯವರು. ಆಗ ಪೂರ್ತಿ ಮರ್ಯಾದೆಯಿಂದ 'ಬುಚೋ ಹೊರಗೆ ಹೋಗಿದ್ದಾರೆ' ಎನ್ನಬೇಕು.

ಕನ್ನಡಕ್ಕೂ ಜಪಾನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ನಮ್ಮಲ್ಲಿ ಮರ್ಯಾದೆ ವ್ಯಕ್ತಿಯ ಜೊತೆ ಹೋಗುತ್ತದೆ. ಅಜ್ಜ ಮನೆಯೊಳಗೂ 'ಅವರು', ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರ ಮುಂದೆಯೂ 'ಅವರು'. ಅಲ್ಲಿ ಮರ್ಯಾದೆ ಕೇಳುವವರನ್ನು ನೋಡಿ ಜಾಗ ಬದಲಿಸುತ್ತದೆ. ನಾವು ಜಪಾನಿ ಮಾತಾಡುವಾಗ ಎಡವುವುದು ಜಾಸ್ತಿ ಇಲ್ಲೇ. ದೊಡ್ಡವರಿಗೆ ಮರ್ಯಾದೆ ಕೊಡಬೇಕೆಂಬ ನಮ್ಮ ಒಳ್ಳೆಯ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ.

ಎತ್ತುವ ಮಾತು, ತಗ್ಗಿಸುವ ಮಾತು

ಇಷ್ಟು ಹೊತ್ತು ನೋಡಿದ್ದು ಹೆಸರುಗಳನ್ನು. ಜಪಾನಿನ ಗೌರವದ ನಿಜವಾದ ಬಲ ಕ್ರಿಯಾಪದದಲ್ಲಿದೆ. ಈ ಇಡೀ ಪದ್ಧತಿಗೆ 'ಕೇಗೊ' ಎನ್ನುತ್ತಾರೆ. ಗೌರವದ ಭಾಷೆ ಎಂದರ್ಥ.

ಕೇಗೊ ಎಂದರೆ ಹೆದರುವವರು ಬಹಳ. ಆದರೆ ಅದರ ಬೀಜ ನಮ್ಮ ಒಂದು ಹಳೆಯ ಮಾತಿನಲ್ಲೇ ಇದೆ. 'ನಮ್ಮ ಬಡವರ ಮನೆಗೆ ದಯಮಾಡಿಸಿ.' ಬನ್ನಿ ಎನ್ನಲು ದಯಮಾಡಿಸಿ ಎಂದೆವು. ಅದು ಬರುವವರನ್ನು ಎತ್ತುವ ಮಾತು. ಮನೆ ಎನ್ನಲು ಬಡವರ ಮನೆ ಎಂದೆವು. ಅದು ನಮ್ಮನ್ನು ತಗ್ಗಿಸಿಕೊಳ್ಳುವ ಮಾತು. ಹಿಂದಿನವರು ಒಡೆಯರ ಮುಂದೆ ಹೀಗೇ ಮಾತಾಡುತ್ತಿದ್ದರು. ಒಡೆಯರು ಹೇಳಿದರೆ ಅದು 'ಅಪ್ಪಣೆ ಕೊಡಿಸುವುದು', ನಾವು ಹೇಳಿದರೆ 'ಅರಿಕೆ ಮಾಡಿಕೊಳ್ಳುವುದು'. ಎರಡೂ 'ಹೇಳು' ಎಂಬುದೇ.

ಜಪಾನಿ ಈ ಎರಡು ದಾರಿಗಳನ್ನು ದಿನದ ಮಾತಿನಲ್ಲಿ ಉಳಿಸಿಕೊಂಡಿದೆ. ಎತ್ತುವ ಮಾತು 'ಸೊಂಕೇಗೊ'. ತಗ್ಗಿಸುವ ಮಾತು 'ಕೆಂಜೋಗೊ'. ತಿನ್ನುವುದಕ್ಕೆ ಸಾದಾ ಪದ 'ತಬೆರು'. ಗಿರಾಕಿ ತಿಂದರೆ 'ಮೆಶಿಅಗಾರು'. ನಾನು ತಿಂದರೆ 'ಇತದಾಕು'. ಊಟಕ್ಕೆ ಮುಂಚೆ ಜಪಾನೀಯರು ಕೈಜೋಡಿಸಿ ಹೇಳುವ 'ಇತದಾಕಿಮಾಸು' ಇದರಿಂದಲೇ ಬಂದದ್ದು. ತಲೆಬಾಗಿ ಪಡೆಯುತ್ತೇನೆ ಎಂಬ ಭಾವ ಅದರಲ್ಲಿದೆ. ಹೇಳುವುದಕ್ಕೆ ಸಾದಾ ಪದ 'ಇಯು'. ಅವರು ಹೇಳಿದರೆ 'ಒಶ್ಶಾರು', ನಾನು ಹೇಳಿದರೆ 'ಮೋಸು'. ಹೋಗುವುದು 'ಇಕು'. ಅವರು ಹೋದರೆ 'ಇರಶ್ಶಾರು', ನಾನು ಹೋದರೆ 'ಮಾಯಿರು'.

ಇಷ್ಟೊಂದು ಪದ ಯಾಕೆ ಬೇಕು? ಒಂದು ಕಾರಣ ವ್ಯಾಕರಣದಲ್ಲಿದೆ. ಕನ್ನಡದಲ್ಲಿ 'ಹೋದೆ', 'ಹೋದ', 'ಹೋದಳು', 'ಹೋದರು' ಎಂದು ಕೊನೆಯೇ ಎಲ್ಲ ಹೇಳಿಬಿಡುತ್ತದೆ. ಯಾರು ಹೋದದ್ದು ಎಂದು ಬೇರೆ ಹೇಳಬೇಕಿಲ್ಲ. ಜಪಾನಿ ಕ್ರಿಯಾಪದಕ್ಕೆ ಆ ಕೊನೆಗಳಿಲ್ಲ. ನಾನು ಹೋದರೂ, ರಾಜ ಹೋದರೂ ಒಂದೇ ರೂಪ. 'ನೀವು' ಎನ್ನುವುದನ್ನೂ ತಪ್ಪಿಸುತ್ತಾರೆ. ಆಗ ಇರಶ್ಶಾರು ಎಂದರೆ ಹೋಗುವವರು ಎದುರಿನವರು, ಮಾಯಿರು ಎಂದರೆ ಹೋಗುವವನು ನಾನು ಎಂದು ಪದದ ಆಯ್ಕೆಯಿಂದಲೇ ತಿಳಿಯುತ್ತದೆ. ನಮ್ಮಲ್ಲಿ ಕ್ರಿಯಾಪದದ ಕೊನೆ ಮಾಡುವ ಕೆಲಸದ ಒಂದು ಪಾಲನ್ನು ಅಲ್ಲಿ ಮರ್ಯಾದೆ ಮಾಡುತ್ತದೆ.

ಮೂರನೆಯದು 'ತೇನೇಗೊ'. ಯಾರನ್ನೂ ಎತ್ತುವುದಿಲ್ಲ, ತಗ್ಗಿಸುವುದಿಲ್ಲ, ಸುಮ್ನೆ ಸಭ್ಯವಾದ ಮಾತು. ವಾಕ್ಯದ ಕೊನೆಯಲ್ಲಿ 'ದೆಸು', 'ಮಾಸು' ಬಂದರೆ ಸಾಕು. ಕಲಿಯುವವರು ಶುರು ಮಾಡುವುದು ಇದರಿಂದಲೇ. ಹೊಸಬರಿಂದ ಇದಕ್ಕಿಂತ ಜಾಸ್ತಿ ಯಾರೂ ನಿರೀಕ್ಷಿಸುವುದಿಲ್ಲ. 2007ರಲ್ಲಿ ಜಪಾನ್ ಸರ್ಕಾರದ ಸಂಸ್ಕೃತಿ ಮಂಡಳಿ ಕೇಗೊವನ್ನು ಐದು ಬಗೆಯಾಗಿ ವಿಂಗಡಿಸಿ ಮಾರ್ಗಸೂಚಿ ಕೊಟ್ಟಿತು. ಅಲ್ಲಿಯವರೆಗೆ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಈ ಮೂರೇ. ಜಪಾನೀಯರಿಗೂ ಕೇಗೊ ಸುಲಭವಲ್ಲ. ಕಂಪನಿಗಳು ಹೊಸಬರಿಗೆ ಅದನ್ನು ತರಬೇತಿಯಲ್ಲಿ ಕಲಿಸುತ್ತವೆ. ಪುಸ್ತಕದಂಗಡಿಗಳಲ್ಲಿ ಸರಿಯಾದ ಕೇಗೊ ಕಲಿಸುವ ಪುಸ್ತಕಗಳು ಜಪಾನೀಯರಿಗಾಗಿಯೇ ಮಾರಾಟವಾಗುತ್ತವೆ.

ಮೊದಲು ಬಂದವರು, ಆಮೇಲೆ ಬಂದವರು

'ಸೆಂಪಾಯ್' ಎಂದರೆ ಮುಂಚೆ ಬಂದವರು. 'ಕೋಹಾಯ್' ಎಂದರೆ ಆಮೇಲೆ ಬಂದವರು. ಒಟ್ಟಿಗೆ ಬಂದವರು 'ದೋಕಿ'. ಇಲ್ಲಿ ಎಣಿಸುವುದು ಸೇರಿದ ದಿನವನ್ನು, ವಯಸ್ಸನ್ನಲ್ಲ. ಇಪ್ಪತ್ತು ವರ್ಷದ ಹುಡುಗ ನಿಮಗಿಂತ ಒಂದು ವರ್ಷ ಮುಂಚೆ ಸೇರಿದ್ದರೆ ಅವನು ಸೆಂಪಾಯ್, ನಿಮಗೆ ಮೂವತ್ತಾಗಿದ್ದರೂ. ಒಬ್ಬರೇ ಕೂತು ಕಥೆ ಹೇಳುವ 'ರಾಕುಗೊ' ಕಲೆಯಲ್ಲಿ ಇದು ಬಹಳ ಕಟ್ಟುನಿಟ್ಟು. ಗುರುವಿನ ಬಳಿ ಯಾರು ಮೊದಲು ಶಿಷ್ಯರಾದರೋ ಅವರು ಅಣ್ಣ. ವಯಸ್ಸಿನಲ್ಲಿ ಚಿಕ್ಕವರಾದರೂ ಅಣ್ಣನೇ.

ಮಕ್ಕಳಿಗೆ ಇದು ಗಟ್ಟಿಯಾಗಿ ತಟ್ಟುವುದು ಮಾಧ್ಯಮಿಕ ಶಾಲೆಯಲ್ಲಿ, ಪಾಠ ಮುಗಿದ ಮೇಲಿನ ಕ್ಲಬ್ಬುಗಳಲ್ಲಿ. ಬೇಸ್‌ಬಾಲ್, ವಾದ್ಯಗೋಷ್ಠಿ, ಕೆಂಡೋ ಎಂಬ ಕತ್ತಿವರಸೆ, ಏನೇ ಇರಲಿ. ಪ್ರಾಥಮಿಕ ಶಾಲೆಯಲ್ಲಿ ಒಟ್ಟಿಗೆ ಆಡಿದ ಪಕ್ಕದ ಮನೆಯ ಹುಡುಗ ಇಲ್ಲಿ ಒಂದೇ ವರ್ಷ ಮುಂದಿದ್ದರೂ ಸೆಂಪಾಯ್ ಆಗುತ್ತಾನೆ. ಮೊದಲ ವರ್ಷದವರು ಚೆಂಡು ಹೆಕ್ಕಬೇಕು, ಮೈದಾನ ಗುಡಿಸಬೇಕು, ದೆಸು-ಮಾಸು ಸೇರಿಸಿ ಮಾತಾಡಬೇಕು. ನಮ್ಮ ಕಾಲೇಜುಗಳ ಸೀನಿಯರ್, ಜೂನಿಯರ್ ನೆನಪಾಗುವುದು ಸಹಜ. ಆದರೆ ಕಾಲೇಜು ಬಿಟ್ಟ ಮೇಲೆ ನಮ್ಮಲ್ಲಿ ಅದು ಹೆಚ್ಚಾಗಿ ಕರಗಿಹೋಗುತ್ತದೆ. ಅಲ್ಲಿ ಸೆಂಪಾಯ್ ನಲವತ್ತು ವರ್ಷ ಕಳೆದರೂ ಸೆಂಪಾಯ್.

ಸೆಂಪಾಯ್ ಎಂದು ನೇರವಾಗಿ ಕರೆಯಬಹುದು. ಕೋಹಾಯ್ ಎಂದು ಯಾರನ್ನೂ ಕರೆಯುವುದಿಲ್ಲ. ಈ ಸಂಬಂಧದಲ್ಲಿ ಮೇಲಿನವರಿಗೂ ಸಾಲ ಇದೆ. ಕೆಲಸ ಹೇಳಿಕೊಡಬೇಕು, ತಪ್ಪಾದಾಗ ಅಡ್ಡ ನಿಲ್ಲಬೇಕು, ಒಟ್ಟಿಗೆ ಊಟಕ್ಕೆ ಹೋದರೆ ಬಿಲ್ಲು ಕೊಡಬೇಕು ಅಥವಾ ಹೆಚ್ಚಿನ ಪಾಲು ಹಾಕಬೇಕು. ಕೋಹಾಯ್ ಆ ಋಣವನ್ನು ಅವರಿಗೆ ತೀರಿಸುವುದಿಲ್ಲ, ತನ್ನ ನಂತರ ಬರುವವರಿಗೆ ತೀರಿಸುತ್ತಾನೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬಾ ಹಿಡಿಸಿದ್ದು ಇದು. ಮೇಲಿನವರು ತಮ್ಮ ಪಾಲು ಮರೆತಾಗ ಇದೇ ವ್ಯವಸ್ಥೆ ಕಿರಿಯರಿಗೆ ಹಿಂಸೆಯೂ ಆಗುತ್ತದೆ. ಅದಕ್ಕೆ ಬಂದ ಕಾನೂನಿನ ಮಾತು ಮುಂದಿದೆ.

ಕಂಪನಿಗಳಲ್ಲಿ ಇದು ಸಂಬಳಕ್ಕೂ ಅಂಟಿಕೊಂಡಿತು. ಜಪಾನಿನಲ್ಲಿ ಓದು ಮುಗಿಸಿದವರು ಹೆಚ್ಚಾಗಿ ಏಪ್ರಿಲ್ 1ರಂದು ಒಟ್ಟಿಗೆ ಕೆಲಸಕ್ಕೆ ಸೇರುತ್ತಾರೆ. ಹಾಗಾಗಿ ಯಾರು ಯಾವ ವರ್ಷದವರು ಎಂಬ ಲೆಕ್ಕ ಸ್ಪಷ್ಟ. ವರ್ಷ ಕಳೆದಂತೆ ಸಂಬಳ, ಹುದ್ದೆ ಏರುವ ಪದ್ಧತಿಗೆ 'ನೆಂಕೋ ಜೊರೆತ್ಸು' ಎಂಬ ಹೆಸರು. ಎರಡನೇ ಮಹಾಯುದ್ಧದ ನಂತರ ದೇಶ ವೇಗವಾಗಿ ಬೆಳೆದ ದಶಕಗಳಲ್ಲಿ ಇದು ದೊಡ್ಡ ಕಂಪನಿಗಳಲ್ಲಿ ಬೇರೂರಿತು. 1990ರ ದಶಕದಲ್ಲಿ ಆರ್ಥಿಕತೆ ಕುಸಿದ ಮೇಲೆ ಕೆಲಸದ ಫಲ ನೋಡಿ ಸಂಬಳ ಕೊಡುವ ಕಡೆ ವಾಲತೊಡಗಿತು.

ಕುರ್ಚಿಗೂ ಮೇಲು ಕೆಳಗು

ಮಾತಿನ ಆಚೆಗೂ ಇದೇ ಲೆಕ್ಕ. ಕೋಣೆಯಲ್ಲಿ ಬಾಗಿಲಿಗೆ ದೂರದ ಜಾಗ 'ಕಾಮಿಜಾ', ದೊಡ್ಡವರದ್ದು. ಬಾಗಿಲ ಪಕ್ಕದ್ದು 'ಶಿಮೊಜಾ', ಚಿಕ್ಕವರದ್ದು. ಟ್ಯಾಕ್ಸಿಯಲ್ಲಿ ಡ್ರೈವರ್ ಹಿಂದಿನ ಸೀಟು ಅತಿ ಗೌರವದ್ದು, ಮುಂದಿನ ಸೀಟು ಎಲ್ಲಕ್ಕಿಂತ ಕಿರಿಯರಿಗೆ. ದಾರಿ ಹೇಳುವುದು, ದುಡ್ಡು ಕೊಡುವುದು ಅವರ ಕೆಲಸ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತಗೊಳ್ಳಬೇಕು. ಎದುರಿನವರು ಯಾರು, ಯಾವ ಹುದ್ದೆ ಎಂದು ಅದನ್ನು ಓದಿದ ಮೇಲಷ್ಟೇ ಯಾವ ಮಾತು ಬಳಸಬೇಕೆಂದು ತಿಳಿಯುವುದು. ಅದಕ್ಕೇ ಅಲ್ಲಿ ಕಾರ್ಡಿಗೆ ಅಷ್ಟು ಬೆಲೆ.

ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ

ಮೇಲು ಕೆಳಗಿನ ಲೆಕ್ಕ ಹಳೆಯದು. 603ರಲ್ಲೇ ಆಸ್ಥಾನದಲ್ಲಿ ಹನ್ನೆರಡು ದರ್ಜೆಗಳನ್ನು ಮಾಡಿ, ದರ್ಜೆಗೊಂದು ಬಣ್ಣದ ಟೋಪಿ ಕೊಟ್ಟಿದ್ದರು. ಚೀನಾದಿಂದ ಬಂದ ಕನ್ಫ್ಯೂಷಿಯಸನ ವಿಚಾರಗಳು ಹಿರಿಯ ಕಿರಿಯರ ಕ್ರಮಕ್ಕೆ ತಾತ್ವಿಕ ಬಲ ಕೊಟ್ಟವು. ಸಮುರಾಯ್ ಆಳ್ವಿಕೆಯ ಎಡೋ ಕಾಲದಲ್ಲಿ ಸಾಮಾನ್ಯ ಜನ ಮನೆತನದ ಹೆಸರನ್ನು ಅಧಿಕೃತವಾಗಿ ಹೇಳಿಕೊಳ್ಳುವಂತಿರಲಿಲ್ಲ. 1870ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, 1875ರಲ್ಲಿ ಕಡ್ಡಾಯವಾಯಿತು. ರೈತನೂ ವ್ಯಾಪಾರಿಯೂ ಇಂದು ಮನೆತನದ ಹೆಸರಿಗೆ ಸಾನ್ ಸೇರಿಸಿ ಕರೆಸಿಕೊಳ್ಳುವುದರ ಹಿಂದೆ ಆ ಬದಲಾವಣೆ ಇದೆ.

ಯುದ್ಧ ಮುಗಿದು ಪ್ರಜಾಪ್ರಭುತ್ವ ಬಂದಾಗ, 1952ರಲ್ಲಿ, ಭಾಷಾ ಮಂಡಳಿಯೊಂದು ಗೌರವದ ಮಾತನ್ನು ಸರಳ ಮಾಡೋಣ ಎಂದು ಸಲಹೆ ಕೊಟ್ಟಿತು. ಎಲ್ಲರಿಗೂ ಸಾನ್, ಎಲ್ಲರಿಗೂ ಅನಾತಾ ಎಂದಿತು. ಸಾನ್ ಗೆದ್ದಿತು. ಅನಾತಾ ಮಾತ್ರ ಜನರ ಬಾಯಿಗೆ ಒಗ್ಗಲಿಲ್ಲ.

ಈಗ ಹುದ್ದೆ ಬಿಟ್ಟು ಅಧ್ಯಕ್ಷರಿಂದ ಹಿಡಿದು ಎಲ್ಲರನ್ನೂ ಸಾನ್ ಎಂದೇ ಕರೆಯುವ ಕಂಪನಿಗಳಿವೆ. ಹುಡುಗರಿಗೆ ಕುನ್, ಹುಡುಗಿಯರಿಗೆ ಸಾನ್ ಎನ್ನುತ್ತಿದ್ದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಸಾನ್ ಹೇಳುವುದು ಹೆಚ್ಚುತ್ತಿದೆ. ಅಧಿಕಾರ ಬಳಸಿ ಕೆಳಗಿನವರನ್ನು ಪೀಡಿಸುವುದಕ್ಕೆ ಜಪಾನೀಯರು 'ಪವಾಹರಾ' ಎನ್ನುತ್ತಾರೆ. ಅದನ್ನು ತಡೆಯುವ ಹೊಣೆಯನ್ನು 2020ರ ಜೂನಿನಲ್ಲಿ ಕಾನೂನು ದೊಡ್ಡ ಕಂಪನಿಗಳ ಮೇಲೆ ಹೊರಿಸಿತು. 2022ರ ಏಪ್ರಿಲಿನಿಂದ ಸಣ್ಣ ಕಂಪನಿಗಳಿಗೂ ಅದು ಅನ್ವಯಿಸಿದೆ.

ಹೊರಡುವ ಮುಂಚೆ ನಿಮ್ಮ ಹೆಸರು

ಕನ್ನಡದವರಿಗೆ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಇನಿಷಿಯಲ್ ಬಿಡಿಸಿದರೆ ಊರಿನ ಹೆಸರು, ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅದೇ ಹೋಗಿರುತ್ತದೆ. ಮಂಜುನಾಥನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಬಸಪ್ಪ ಎಂದಿದ್ದರೆ ಆಫೀಸಿನವರು ಅವನನ್ನು 'ಬಸಪ್ಪ-ಸಾನ್' ಎಂದು ಕರೆಯುವುದು ಸಹಜ. ಅವರ ಲೆಕ್ಕದಲ್ಲಿ ಅದೇ ಮರ್ಯಾದೆ. ಅಪ್ಪನ ಹೆಸರು ಹಿಡಿದು ಮಗನನ್ನು ಕರೆಯುತ್ತಿದ್ದೇವೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಮೊದಲ ದಿನವೇ ಹೇಳಿಬಿಡಬಹುದು. ವಾಕ್ಯ ಚಿಕ್ಕದು. 'ಮಂಜುನಾಥ್ ತೊ ಯೊಂದೆ ಕುದಸಾಯ್.' ನನ್ನನ್ನು ಮಂಜುನಾಥ್ ಎಂದು ಕರೆಯಿರಿ ಎಂದರ್ಥ. ಹೇಳುವಾಗ ಹೆಸರಿಗೆ ಸಾನ್ ಸೇರಿಸಬೇಡಿ. ಅದನ್ನು ಅವರು ಸೇರಿಸುತ್ತಾರೆ.